ಕೀಲನ್ನು ಹಿಡಿದಿಡುವ ಸ್ನಾಯುಗಳು: ಮೊದಲು ಮುಟ್ಟಿ ನೋಡಿ, ಆಮೇಲೆ ಪಳಗಿಸಿ

ತುಂಬಿದೆ ಅಂದುಕೊಂಡು ಖಾಲಿ ಬಕೆಟ್ ಎತ್ತಿದ್ದೀರಾ ಯಾವತ್ತಾದರೂ? ಕೈ ಸರ್ರನೆ ಮೇಲೆ ಹಾರುತ್ತದೆ, ಮೈ ಹಿಂದಕ್ಕೆ ವಾಲುತ್ತದೆ, ಯಾರಾದರೂ ನೋಡಿದರಾ ಅಂತ ಆಚೀಚೆ ನೋಡುತ್ತೇವೆ. ಕೈ ಬಕೆಟ್ಟಿನ ಹಿಡಿ ಮುಟ್ಟುವ ಮೊದಲೇ ಮೆದುಳು ಲೆಕ್ಕ ಹಾಕಿ ಮುಗಿಸಿತ್ತು. ಇಷ್ಟು ಭಾರ ಬರುತ್ತದೆ, ಬೆನ್ನು ಇಷ್ಟು ಬಿಗಿಯಾಗಲಿ, ಹೆಗಲು ಇಷ್ಟು, ಕಾಲು ಇಷ್ಟು ಅಂತ. ಆ ಲೆಕ್ಕ ತಪ್ಪಿತು, ಅಷ್ಟೇ. ಬಾಕಿ ದಿನವೆಲ್ಲ ಅದು ಸರಿಯಾಗಿಯೇ ಇರುತ್ತದೆ, ಹಾಗಾಗಿ ಅಂಥದ್ದೊಂದು ಲೆಕ್ಕ ನಡೆಯುತ್ತಿದೆ ಅಂತಲೇ ನಮಗೆ ಗೊತ್ತಾಗುವುದಿಲ್ಲ.

ನನಗೆ ಇದರ ಹುಚ್ಚು ಹಿಡಿದದ್ದು ನನ್ನ ಬಲಗಾಲಿನಿಂದ. ಮೂರು ಸಲ ಉಳುಕಿದೆ. ಮೊದಲ ಸಲ ಕತ್ತಲಲ್ಲಿ ಮೆಟ್ಟಿಲಿಳಿಯುವಾಗ, ಇನ್ನೊಂದು ಮೆಟ್ಟಿಲು ಇದೆ ಅಂದುಕೊಂಡು ಕಾಲಿಟ್ಟೆ. ಆಮೇಲಿನ ಎರಡು ಸಲ ಸಮತಟ್ಟು ನೆಲದ ಮೇಲೆ, ಸುಮ್ನೆ ನಡೆಯುತ್ತಿದ್ದಾಗ. ಪ್ರತಿ ಸಲ ಊತ ಇಳಿದ ಕೂಡಲೇ ವಾಸಿಯಾಯಿತು ಅಂದುಕೊಳ್ಳುತ್ತಿದ್ದೆ. ಮೂರನೇ ಸಲ ಫಿಸಿಯೋಥೆರಪಿಸ್ಟ್ ಒಬ್ಬರ ಹತ್ತಿರ ಹೋದಾಗ ಅವರು ಒಂಟಿಕಾಲಲ್ಲಿ ನಿಲ್ಲಿಸಿ ಕಣ್ಣು ಮುಚ್ಚಲು ಹೇಳಿದರು. ಎಡಗಾಲಲ್ಲಿ 20 ಸೆಕೆಂಡ್ ದಾಟಿತು. ಬಲಗಾಲಲ್ಲಿ 4. ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲುವ ಬಲ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಇತ್ತು. ಬಲಗಾಲಿಗೆ ಮರೆತುಹೋಗಿದ್ದು ಯಾವಾಗ ಹಿಡಿಯಬೇಕು ಅನ್ನುವುದು.

ಕೀಲು ಭದ್ರವಾಗಿರಲು ಸ್ನಾಯುವಿಗೆ ಬಲ ಬೇಕು, ನಿಜ. ಆದರೆ ಹೊತ್ತಿಗೆ ಸರಿಯಾಗಿ ಹಿಡಿಯುವುದು, ಹೊತ್ತಿಗೆ ಸರಿಯಾಗಿ ಬಿಡುವುದು ಅದಕ್ಕಿಂತ ಜಾಸ್ತಿ ಮುಖ್ಯ ಅಂತ ನನ್ನ ಅನುಭವ. ಮುಂದೆ ಆರು ಹೆಜ್ಜೆಗಳಿವೆ. ಪ್ರತಿಯೊಂದರಲ್ಲೂ ಮೊದಲು ಆ ಸ್ನಾಯುವನ್ನು ನಿಮ್ಮ ಕೈಯಿಂದಲೇ ಮುಟ್ಟಿ ನೋಡಿ, ಆಮೇಲೆ ಪಳಗಿಸಿ (ಮೊದಲ ಎರಡರಲ್ಲಿ ಮುಟ್ಟಿ ನೋಡುವುದಷ್ಟೇ). ಓದುತ್ತಾ ಓದುತ್ತಾ ಮಾಡಿ. ಕೂತು ಬರೀ ಓದಿದರೆ ಅರ್ಧವೂ ತಲೆಗೆ ಹೋಗುವುದಿಲ್ಲ.

ಶುರು ಮಾಡುವ ಮೊದಲು

ಸ್ನಾಯುವಿಗೆ ಎಳೆಯುವುದೊಂದೇ ಗೊತ್ತು. ತಳ್ಳಲು ಬರುವುದಿಲ್ಲ. ನೀವು ಬಾಗಿಲು ತಳ್ಳುವಾಗಲೂ ತೋಳಿನ ಹಿಂಭಾಗದ ಟ್ರೈಸೆಪ್ಸ್ ಮೊಣಕೈಯ ಹಿಂದಿನ ಮೂಳೆಯನ್ನು ಎಳೆಯುತ್ತಿರುತ್ತದೆ, ಅದರಿಂದ ಕೈ ನೆಟ್ಟಗಾಗುತ್ತದೆ, ಬಾಗಿಲು ತೆರೆಯುತ್ತದೆ. ಹೀಗಾಗಿ ಪ್ರತಿ ಕೀಲಿಗೂ ಎದುರುಬದುರು ಎಳೆಯುವವರು ಬೇಕೇ ಬೇಕು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತ ಗಾದೆ ಇದೆಯಲ್ಲ, ಹೊಂದಿಕೆಯಿಲ್ಲದ ಜೋಡಿಯನ್ನು ಬೈಯಲು ಹೇಳುವುದು. ಕೀಲಿನಲ್ಲಿ ಆ ಎಳೆದಾಟವೇ ಕೆಲಸ. ಡೇರೆಯ ಕಂಬ ನೆಟ್ಟಗೆ ನಿಂತಿರುವುದು ಸುತ್ತಲೂ ಹಗ್ಗ ಬಿಗಿದಿರುವುದರಿಂದ ತಾನೇ?

ಒಂದು ಚಲನೆಯಲ್ಲಿ ಸ್ನಾಯುಗಳ ಪಾತ್ರ ನಾಲ್ಕು ಬಗೆ. ಒಂದು ಮುಖ್ಯವಾಗಿ ಎಳೆಯುತ್ತದೆ. ಅದರ ಎದುರಿನದು ಹದವಾಗಿ ಸಡಿಲ ಬಿಡುತ್ತದೆ, ಬೇಕಾದಾಗ ಬ್ರೇಕ್ ಹಾಕುತ್ತದೆ. ಮೂರನೆಯದು ಪಕ್ಕದಲ್ಲಿದ್ದು ಬೇಡದ ತಿರುವನ್ನು ತಡೆಯುತ್ತದೆ. ನಾಲ್ಕನೆಯದು ದೂರದಲ್ಲೆಲ್ಲೋ ಇರುವ ಮೂಳೆ ಕದಲದಂತೆ ಹಿಡಿಯುತ್ತದೆ. ಯಾವ ಸ್ನಾಯುವಿಗೂ ಒಂದೇ ಪಾತ್ರ ಅಂತಿಲ್ಲ. ಈಗ ಎಳೆದದ್ದು ಮರುಕ್ಷಣವೇ ಬ್ರೇಕ್ ಆಗಬಹುದು.

ಎದುರಿನದು ಸಡಿಲ ಬಿಡುತ್ತದೆ ಅಂದೆನಲ್ಲ, ಅದರ ವ್ಯವಸ್ಥೆ ಬೆನ್ನುಹುರಿಯಲ್ಲೇ ಇದೆ. ಒಂದಕ್ಕೆ ಎಳೆ ಅನ್ನುವ ಸಂದೇಶ ಹೋದಾಗ ಎದುರಿನದಕ್ಕೆ ಬಿಡು ಅನ್ನುವುದು ಹೋಗುತ್ತದೆ. ಇದನ್ನು ಆಳವಾಗಿ ಬಗೆದು ನೋಡಿದವರು ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್. ನರಕೋಶಗಳ ಮೇಲಿನ ಕೆಲಸಕ್ಕೆ 1932ರಲ್ಲಿ ನೊಬೆಲ್ ಹಂಚಿಕೊಂಡವರು. ಕೈಕಾಲು ಎಲ್ಲಿದೆ, ಎಷ್ಟು ಬಾಗಿದೆ ಅಂತ ಸ್ನಾಯು, ಕೀಲುಗಳಿಂದ ಮೇಲಕ್ಕೆ ಹೋಗುವ ಸುದ್ದಿಗೆ ಪ್ರೊಪ್ರಿಯೋಸೆಪ್ಷನ್ ಅನ್ನುವ ಹೆಸರಿಟ್ಟವರೂ ಅವರೇ, 1906ರಲ್ಲಿ. ಕಣ್ಣು ಮುಚ್ಚಿಕೊಂಡು ಮೂಗಿನ ತುದಿ ಮುಟ್ಟಲು ಆಗುವುದು ಈ ಸುದ್ದಿಯಿಂದ. ನನ್ನ ಬಲಗಾಲಲ್ಲಿ ಮಂಕಾಗಿದ್ದೂ ಇದೇ.

ಕೀಲನ್ನು ಕಾಯುವುದು ಮೂರು ಗುಂಪು: ಮೂಳೆ ಮತ್ತು ಲಿಗಮೆಂಟ್ (ಮೂಳೆಯನ್ನು ಮೂಳೆಗೆ ಕಟ್ಟುವ ಪಟ್ಟಿ), ಅವುಗಳ ಸುತ್ತಲಿನ ಸ್ನಾಯು, ಸ್ನಾಯುಗಳನ್ನು ನಡೆಸುವ ನರ. ಬೆನ್ನುಮೂಳೆಯ ಬಗ್ಗೆ ಬರೆಯುತ್ತಾ ಮನೋಹರ್ ಪಂಜಾಬಿ ಎಂಬ ವಿಜ್ಞಾನಿ 1992ರಲ್ಲಿ ಹೀಗೆ ವಿಂಗಡಿಸಿದರು. ಮೂಳೆಯ ಆಕಾರವನ್ನು ನಾವು ಬದಲಾಯಿಸಲಾರೆವು, ಲಿಗಮೆಂಟ್ ಒಮ್ಮೆ ಹಿಗ್ಗಿದರೆ ಮೊದಲಿನಂತಾಗುವುದು ಕಷ್ಟ. ನಮ್ಮ ಕೈಯಲ್ಲಿರುವುದು ಉಳಿದೆರಡು. ಅವು ಎಷ್ಟು ದೊಡ್ಡ ಪಾಲು ಅಂತ ಅಂದಾಜು ಬೇಕಾ? ಸ್ನಾಯುಗಳನ್ನೆಲ್ಲ ತೆಗೆದುಹಾಕಿದ ಕೆಳಬೆನ್ನಿನ ಮೂಳೆಸಾಲಿನ ಮೇಲೆ ಪ್ರಯೋಗಾಲಯದಲ್ಲಿ ಭಾರ ಹೇರಿದಾಗ ಅದು ಸುಮಾರು 90 ನ್ಯೂಟನ್‌ಗೆ, ಅಂದರೆ 9 ಕೆಜಿ ಆಸುಪಾಸಿಗೆ ಬಾಗಿ ಕುಸಿಯಿತು. ನಿಮ್ಮ ತಲೆ, ಎರಡು ಕೈ, ಎದೆಗೂಡು ಸೇರಿಸಿ ತೂಗಿದರೆ ಅದರ ಎಷ್ಟೋ ಪಟ್ಟು.

ಒಂದು ಎಚ್ಚರಿಕೆ ಈಗಲೇ ಹೇಳಿಬಿಡುತ್ತೇನೆ. ಕೀಲು ಊದಿಕೊಂಡಿದ್ದರೆ, ಸಿಕ್ಕಿಹಾಕಿಕೊಂಡಂತೆ ಲಾಕ್ ಆಗುತ್ತಿದ್ದರೆ, ಭಾರ ಹಾಕಲು ಆಗದಿದ್ದರೆ, ಕೈಕಾಲು ಜೋಮು ಹಿಡಿದಂತಿದ್ದರೆ ಈ ಯಾವುದೂ ಬೇಡ. ಮೊದಲು ಡಾಕ್ಟರಿಗೆ ತೋರಿಸಿ.

ಹೆಜ್ಜೆ 1: ಸ್ಕ್ರೂಡ್ರೈವರ್ ಹಿಡಿಯಿರಿ

ಬಲ ಮೊಣಕೈಯನ್ನು 90 ಡಿಗ್ರಿ ಮಡಚಿ ಪಕ್ಕೆಗೆ ಒತ್ತಿಕೊಳ್ಳಿ. ಎಡಗೈಯಿಂದ ಬಲತೋಳನ್ನು ಸುತ್ತುವರಿದು ಹಿಡಿಯಿರಿ, ಮುಂದಿನ ಬೈಸೆಪ್ಸ್ ಮೇಲೆ ಹೆಬ್ಬೆರಳು, ಹಿಂದಿನ ಟ್ರೈಸೆಪ್ಸ್ ಮೇಲೆ ಉಳಿದ ಬೆರಳು ಬರುವಂತೆ. ಈಗ ಬಲಗೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಬಿಗಿಯಾದ ಸ್ಕ್ರೂ ಒಂದನ್ನು ಇನ್ನಷ್ಟು ಬಿಗಿ ಮಾಡಿ. ಸ್ಕ್ರೂ ಇಲ್ಲವಾದರೆ ತಿರುಗದ ಬಾಗಿಲ ಗುಂಡನ್ನು ಹಿಡಿದು ಬಲಕ್ಕೆ ತಿರುಚಿ.

ಹೆಬ್ಬೆರಳ ಕೆಳಗೆ ಬೈಸೆಪ್ಸ್ ಗಟ್ಟಿಯಾಯಿತು. ಅದು ಸರಿ, ಮುಂಗೈಯನ್ನು ಅಂಗೈ ಮೇಲಾಗುವಂತೆ ತಿರುಗಿಸುವುದು ಅದರ ಕೆಲಸವೇ. ಆದರೆ ಹಿಂದಿನ ಬೆರಳುಗಳ ಕೆಳಗೆ ಟ್ರೈಸೆಪ್ಸ್ ಕೂಡ ಕಲ್ಲಾಯಿತಲ್ಲ, ಅದೇಕೆ? ಟ್ರೈಸೆಪ್ಸ್‌ಗೆ ತಿರುಗಿಸುವ ಶಕ್ತಿಯೇ ಇಲ್ಲ. ಅದು ಅಂಟಿರುವ ಮುಂಗೈ ಮೂಳೆ ತಿರುಗುವ ಮೂಳೆಯಲ್ಲ.

ಉತ್ತರ ಹೀಗಿದೆ. ಬೈಸೆಪ್ಸ್‌ಗೆ ಎರಡು ಕೆಲಸ ಬರುತ್ತದೆ, ತಿರುಗಿಸುವುದು ಮತ್ತು ಮೊಣಕೈ ಮಡಚುವುದು. ಅದು ಎಳೆದರೆ ಎರಡೂ ಒಟ್ಟಿಗೇ ಆಗುತ್ತದೆ, ಒಂದನ್ನು ಬಿಟ್ಟು ಒಂದು ಮಾಡಲು ಅದಕ್ಕೆ ಗೊತ್ತಿಲ್ಲ. ನಮಗೀಗ ಬೇಕಾದದ್ದು ತಿರುಗುವುದು ಮಾತ್ರ. ಮೊಣಕೈ ಮಡಚಿಕೊಂಡರೆ ಸ್ಕ್ರೂಡ್ರೈವರ್ ಸ್ಕ್ರೂವಿನಿಂದ ಕಿತ್ತು ಬರುತ್ತದೆ. ಹಾಗಾಗಿ ಟ್ರೈಸೆಪ್ಸ್ ಹಿಂದಿನಿಂದ ಅಷ್ಟೇ ಜೋರಾಗಿ ಎಳೆದು ಮಡಚುವ ಭಾಗವನ್ನು ಹೊಡೆದುಹಾಕುತ್ತದೆ. ಉಳಿಯುವುದು ತಿರುವು. ಇದನ್ನು ಬೆರಳಿನಲ್ಲಿ ಮುಟ್ಟಿ ನೋಡಿದ ಮೇಲೆ, ಯಾವುದೇ ಚಲನೆಯನ್ನು ಒಂದು ಸ್ನಾಯುವಿನ ಲೆಕ್ಕಕ್ಕೆ ಬರೆಯಲು ನನಗಂತೂ ಮನಸ್ಸು ಬರುವುದಿಲ್ಲ.

ಹೆಜ್ಜೆ 2: ಮುಷ್ಟಿ ಕಟ್ಟಿ

ಎಡಗೈ ಬೆರಳನ್ನು ಬಲ ಮುಂಗೈಯ ಹಿಂಬದಿಯಲ್ಲಿ, ಮೊಣಕೈಗಿಂತ ಸ್ವಲ್ಪ ಕೆಳಗೆ ಇಡಿ. ಬಲಗೈ ಮುಷ್ಟಿ ಬಿಗಿಯಿರಿ. ಬೆರಳು ಮಡಚುವ ಸ್ನಾಯು ಇರುವುದು ಮುಂಗೈಯ ಒಳಬದಿಯಲ್ಲಿ, ಆದರೆ ಗಟ್ಟಿಯಾದದ್ದು ಹೊರಬದಿಯೂ ಹೌದು. ಬೆರಳಿನ ಆ ಸ್ನಾಯುಗಳ ಹುರಿಗಳು ಮಣಿಕಟ್ಟಿನ ಮೇಲೆ ಹಾದುಹೋಗುವುದರಿಂದ ಎಳೆದಾಗ ಮಣಿಕಟ್ಟೂ ಬಾಗಬೇಕು. ಬಾಗದಂತೆ ಹಿಂದಿನಿಂದ ಹಿಡಿದಿರುವುದು ಈ ಹೊರಬದಿಯವು.

ಅವು ಹಿಡಿಯದಿದ್ದರೆ? ಮಣಿಕಟ್ಟನ್ನು ಪೂರ್ತಿ ಒಳಕ್ಕೆ ಬಗ್ಗಿಸಿ ಈಗ ಮುಷ್ಟಿ ಬಿಗಿಯಲು ನೋಡಿ. ಆಗುವುದಿಲ್ಲ ಅಲ್ವಾ? ಬೆರಳಿನ ಸ್ನಾಯು ಆಗಲೇ ಮೊಟಕಾಗಿಬಿಟ್ಟಿದೆ, ಇನ್ನು ಎಳೆಯಲು ಜಾಗವಿಲ್ಲ.

ಟೆನಿಸ್ ಎಲ್ಬೋ ಅಂತ ಕರೆಯುವ ಮೊಣಕೈ ಹೊರಬದಿಯ ನೋವು ಇಲ್ಲಿಯದು. ಟೆನಿಸ್ ಬ್ಯಾಟನ್ನೇ ಮುಟ್ಟದವರಿಗೂ ಅದು ಬರುತ್ತದೆ. ದಿನವಿಡೀ ಏನನ್ನಾದರೂ ಬಿಗಿಯಾಗಿ ಹಿಡಿಯುವವರಿಗೆ ಹಿಡಿಯುವ ಸ್ನಾಯುವಿಗಿಂತ, ಮಣಿಕಟ್ಟನ್ನು ಕಾಯುವ ಸ್ನಾಯುವಿನ ಬುಡ ಮೊದಲು ನೋಯುತ್ತದೆ. ಭಾರ ಎತ್ತುವಾಗ ಅಂಗೈ ಮೇಲಾಗಿರಲಿ, ಮಣಿಕಟ್ಟು ನೆಟ್ಟಗೆ ಅಥವಾ ತುಸುವೇ ಹಿಂದಕ್ಕೆ ಇರಲಿ. ಸದ್ಯಕ್ಕೆ ಇಷ್ಟು ಸಾಕು.

ಹೆಜ್ಜೆ 3: ಹೆಗಲು, ಸ್ವಲ್ಪ ಹೊತ್ತು ನಿಲ್ಲೋಣ

ಮೈಯಲ್ಲಿ ಅತಿ ಜಾಸ್ತಿ ಆಡುವ ಕೀಲು ಇದು, ಅದಕ್ಕೇ ಅತಿ ಸುಲಭವಾಗಿ ಜಾರುವುದೂ ಇದೇ. ಸೊಂಟದ ಕೀಲಿನಲ್ಲಿ ಮೂಳೆಯ ಗುಂಡು ಆಳವಾದ ಬಟ್ಟಲಿನಲ್ಲಿ ಕೂತಿದೆ. ಹೆಗಲಿನಲ್ಲಿ ಬಟ್ಟಲು ಅನ್ನುವುದೇ ಹೆಚ್ಚು, ಅದೊಂದು ಚಿಕ್ಕ ತಟ್ಟೆ. ಗುಂಡಿನ ಕಾಲು ಭಾಗವೋ ಮೂರನೇ ಒಂದು ಭಾಗವೋ ಮಾತ್ರ ಅದಕ್ಕೆ ತಾಗಿರುತ್ತದೆ. ನೆಟ್ಟಗೆ ನಿಲ್ಲಿಸಿದ ತಟ್ಟೆಗೆ ಚೆಂಡು ಒತ್ತಿ ಹಿಡಿದಂತೆ. ಕೈಬಿಟ್ಟರೆ ಬಿತ್ತು.

ಒತ್ತಿ ಹಿಡಿಯುವ ಕೈಗಳು ನಾಲ್ಕು ಸಣ್ಣ ಸ್ನಾಯುಗಳು. ಒಟ್ಟಾಗಿ ಇವಕ್ಕೆ ರೊಟೇಟರ್ ಕಫ್ ಅಂತ ಹೆಸರು. ಒಂದು ಮೇಲಿನಿಂದ, ಎರಡು ಹಿಂದಿನಿಂದ, ಒಂದು ಮುಂದಿನಿಂದ ಬಂದು ಗುಂಡನ್ನು ತಬ್ಬಿಕೊಂಡಿವೆ. ಹೆಗಲಿನ ಮೇಲೆ ಎದ್ದು ಕಾಣುವ ದಪ್ಪ ಸ್ನಾಯು ಡೆಲ್ಟಾಯ್ಡ್. ಕೈಯನ್ನು ಪಕ್ಕಕ್ಕೆ ಎತ್ತುವ ಬಲ ಹೆಚ್ಚಾಗಿ ಅದರದ್ದು. ತೊಂದರೆ ಏನೆಂದರೆ, ಕೈ ಕೆಳಗೆ ಇಳಿಬಿದ್ದಾಗ ಡೆಲ್ಟಾಯ್ಡ್ ಎಳೆಯುವುದು ಸೀದಾ ಮೇಲಕ್ಕೆ. ಅದೊಂದೇ ಕೆಲಸ ಮಾಡಿದರೆ ಕೈ ಎದ್ದೇಳುವ ಬದಲು ಮೂಳೆಯ ಗುಂಡು ತಟ್ಟೆಯ ಮೇಲೆ ಜಾರಿ, ಮೇಲಿನ ಮೂಳೆಯ ಚಾವಣಿಗೆ ಹೋಗಿ ಗುದ್ದುತ್ತದೆ. ಅದೇ ಹೊತ್ತಿಗೆ ಕಫ್‌ನ ಸ್ನಾಯುಗಳು ಗುಂಡನ್ನು ಒಳಕ್ಕೆ, ಕೆಳಕ್ಕೆ ಎಳೆದು ಹಿಡಿಯುವುದರಿಂದ ಅದು ಜಾಗದಲ್ಲೇ ಉರುಳುತ್ತದೆ, ಕೈ ಮೇಲೇಳುತ್ತದೆ.

ಮುಟ್ಟಿ ನೋಡುವುದು ಹೀಗೆ. ಗೋಡೆಯ ಪಕ್ಕ ನಿಂತು, ಮೊಣಕೈ ಪಕ್ಕೆಗಿಟ್ಟು 90 ಡಿಗ್ರಿ ಮಡಚಿ, ಅಂಗೈಯ ಹಿಂಭಾಗದಿಂದ ಗೋಡೆಯನ್ನು ಹೊರಕ್ಕೆ ಒತ್ತಿ. ಇನ್ನೊಂದು ಕೈಯನ್ನು ಎದೆಯ ಮುಂದಿನಿಂದ ದಾಟಿಸಿ ಆ ಹೆಗಲಿನ ಹಿಂಬದಿಗೆ ತನ್ನಿ. ಹೆಗಲ ಚಿಪ್ಪಿನ ಹೊರ ಅಂಚಿನ ಹತ್ತಿರ ಗಟ್ಟಿಯಾಗುವುದು ಕಫ್‌ನ ಹಿಂದಿನ ಸ್ನಾಯು.

ಇಷ್ಟಕ್ಕೇ ಮುಗಿಯಲಿಲ್ಲ. ಆ ತಟ್ಟೆ ಇರುವುದು ಹೆಗಲ ಚಿಪ್ಪಿನ ಮೇಲೆ, ಚಿಪ್ಪು ಪಕ್ಕೆಲುಬಿನ ಮೇಲೆ ತೇಲುತ್ತಿದೆ. ಕೈಯನ್ನು ಪೂರ್ತಿ ಮೇಲಕ್ಕೆ 180 ಡಿಗ್ರಿ ಎತ್ತಿದರೆ ಅದರಲ್ಲಿ ಸುಮಾರು 120 ಗುಂಡು-ತಟ್ಟೆಯ ಕೀಲಿನದ್ದು, 60 ಚಿಪ್ಪು ತಿರುಗಿದ್ದರಿಂದ ಬಂದದ್ದು. ಮನೆಯಲ್ಲಿ ಯಾರಾದರೂ ಇದ್ದರೆ ಅವರ ಅಂಗೈಯನ್ನು ನಿಮ್ಮ ಚಿಪ್ಪಿನ ಮೇಲಿಡಿಸಿ ನಿಧಾನಕ್ಕೆ ಕೈ ಎತ್ತಿ. ಶುರುವಿನಲ್ಲಿ ಚಿಪ್ಪು ಅಷ್ಟಾಗಿ ಕದಲುವುದಿಲ್ಲ, ಆಮೇಲೆ ಅದರ ಕೆಳತುದಿ ಪಕ್ಕೆಯ ಕಡೆ ತಿರುಗಿಕೊಂಡು ಹೋಗುವುದು ಅವರಿಗೆ ಚೆನ್ನಾಗಿ ಗೊತ್ತಾಗುತ್ತದೆ. ತಿರುಗಿಸುವವರು ಮೂರು ಕಡೆಯವರು: ಒಬ್ಬರು ಕತ್ತಿನ ಕಡೆಯಿಂದ ಮೇಲಕ್ಕೆ, ಒಬ್ಬರು ಬೆನ್ನಿನ ಕಡೆಯಿಂದ ಕೆಳಕ್ಕೆ, ಒಬ್ಬರು ಪಕ್ಕೆಯ ಕಡೆಯಿಂದ ಮುಂದಕ್ಕೆ. ಸ್ಟೀರಿಂಗ್ ತಿರುಗಿಸುವಾಗ ಒಂದು ಕೈ ಮೇಲೆ ಹೋಗುತ್ತದೆ, ಇನ್ನೊಂದು ಕೆಳಗೆ ಬರುತ್ತದೆ. ಹಾಗೆ. ಕತ್ತಿನ ಕಡೆಯವರು ಮಾತ್ರ ಎಳೆದರೆ ಚಿಪ್ಪು ತಿರುಗುವ ಬದಲು ಕಿವಿಯ ಹತ್ತಿರಕ್ಕೆ ಏರುತ್ತದೆ. ಕನ್ನಡಿ ಮುಂದೆ ಕೈ ಎತ್ತಿದಾಗ ನಿಮ್ಮ ಹೆಗಲು ಕಿವಿಗೆ ಅಂಟುತ್ತಿದೆಯಾ ನೋಡಿ.

ಪಳಗಿಸಲು ಮೂರು ಸಾಕು.

ಮೊದಲನೆಯದು, ಪಕ್ಕಕ್ಕೆ ಮಲಗಿ, ಮೇಲಿನ ಮೊಣಕೈಯನ್ನು ಪಕ್ಕೆಗಿಟ್ಟು ಮಡಚಿ, ಮುಂಗೈಯನ್ನು ನೆಲದ ಕಡೆಯಿಂದ ಚಾವಣಿಯ ಕಡೆಗೆ ನಿಧಾನಕ್ಕೆ ಎತ್ತಿ ಇಳಿಸುವುದು. 12ರಿಂದ 15 ಸಲ, ಎರಡು ಸುತ್ತು. ಕೈಯಲ್ಲಿ ಅರ್ಧ ಕೆಜಿಯಿಂದ 1 ಕೆಜಿ ಇರಲಿ, ಜಾಸ್ತಿ ಬೇಡ. ಭಾರ ಹೆಚ್ಚಾದರೆ ದೊಡ್ಡ ಸ್ನಾಯು ಬಂದು ಕೆಲಸ ಕಿತ್ತುಕೊಳ್ಳುತ್ತದೆ, ಚಿಕ್ಕದು ಸುಮ್ಮನಾಗುತ್ತದೆ.

ಎರಡನೆಯದು ಗೋಡೆಗೆ ಪುಶ್‌ಅಪ್. ಕೈ ನೆಟ್ಟಗಾದ ಮೇಲೂ ನಿಲ್ಲಿಸಬೇಡಿ, ಇನ್ನೊಂದು ಎರಡು ಇಂಚು ಗೋಡೆಯನ್ನು ದೂರ ತಳ್ಳಿ, ಬೆನ್ನಿನ ಎರಡು ಚಿಪ್ಪುಗಳು ಅಗಲವಾಗುವಂತೆ. ಆ ಕೊನೆಯ ಎರಡು ಇಂಚೇ ವ್ಯಾಯಾಮ.

ಮೂರನೆಯದು, ಮುಂಗೈಗಳನ್ನು ಗೋಡೆಗೆ ಒರಗಿಸಿ ಮೇಲಕ್ಕೆ ಜಾರಿಸುವುದು, ಹೆಗಲನ್ನು ಕಿವಿಗೆ ಏರಲು ಬಿಡದೆ.

ನೋಡಲು ಮಕ್ಕಳಾಟದಂತಿವೆ, ಗೊತ್ತು. ನಾನು ಹಿಂದೆ ಹೋಗುತ್ತಿದ್ದ ಜಿಮ್ಮಿನಲ್ಲಿ ಎರಡನೇ ವಾರವೇ ತಲೆಮೇಲೆ ಭಾರ ಎತ್ತಿಸಿದ್ದರು, ಇಂಥವಕ್ಕೆಲ್ಲ ಸಮಯ ಹಾಳು ಅಂತ. ಆಮೇಲೆ ಆರು ತಿಂಗಳು ಅಂಗಿ ತೋಳಿಗೆ ಕೈ ಹಾಕುವಾಗೆಲ್ಲ ಹಲ್ಲು ಕಚ್ಚುತ್ತಿದ್ದೆ. ತಪ್ಪು ನನ್ನದೂ ಹೌದು, ನೋವನ್ನು ಸಾಧನೆ ಅಂದುಕೊಂಡಿದ್ದೆ.

ಹೆಜ್ಜೆ 4: ಬೆನ್ನು ಮೊದಲು, ಕೈ ಆಮೇಲೆ

ನಿಂತುಕೊಂಡು ಎಡಗೈ ಬೆರಳನ್ನು ಕೆಳಬೆನ್ನಿನಲ್ಲಿ, ಮೂಳೆಸಾಲಿನ ಪಕ್ಕದ ದಿಂಡಿನ ಮೇಲೆ ಇಡಿ. ಬಲಗೈಯನ್ನು ಫಟ್ಟನೆ ಮುಂದಕ್ಕೆ ಎತ್ತಿ. ಬೆನ್ನು ಬೆರಳಿಗೆ ಒದ್ದಂತಾಗುತ್ತದೆ. ಕೈ ಮುಂದೆ ಹೋದರೆ ಮೈ ಮುಂದಕ್ಕೆ ವಾಲಬೇಕಲ್ಲ, ಅದಕ್ಕೆ ಮುಂಚೆಯೇ ಹಿಂದಿನ ಹಗ್ಗ ಬಿಗಿಯಾಗುತ್ತದೆ. ಕೈಯ ಸ್ನಾಯುವಿಗಿಂತ ಮೊದಲು ಕಾಲು, ಬೆನ್ನಿನ ಸ್ನಾಯುಗಳು ಎಚ್ಚರವಾಗುತ್ತವೆ ಅಂತ ಸೋವಿಯತ್ ಸಂಶೋಧಕರು 1967ರಲ್ಲೇ ಅಳೆದು ತೋರಿಸಿದ್ದರು. ಬಕೆಟ್ ಲೆಕ್ಕ ಅಂದೆನಲ್ಲ, ಇದೇ ಅದು.

1996ರಲ್ಲಿ ಆಸ್ಟ್ರೇಲಿಯಾದ ಪಾಲ್ ಹಾಡ್ಜಸ್ ಮತ್ತು ಕ್ಯಾರೊಲಿನ್ ರಿಚರ್ಡ್‌ಸನ್ ಹೊಟ್ಟೆಯ ಅತಿ ಒಳಗಿನ ಪದರದ ಸ್ನಾಯುವನ್ನು ಹೀಗೆಯೇ ಅಳೆದರು. ಆರೋಗ್ಯವಂತರಲ್ಲಿ ಅದು ಕೈಗಿಂತ ಮೊದಲು ಎದ್ದೇಳುತ್ತಿತ್ತು, ಬೆನ್ನುನೋವಿನವರಲ್ಲಿ ತಡವಾಗುತ್ತಿತ್ತು. ಸರಿ, ಅಲ್ಲಿಂದ ಶುರುವಾಯಿತು ಹೊಟ್ಟೆ ಒಳಗೆಳೆದುಕೊಳ್ಳುವ ಗೀಳು. ನಡೆಯುವಾಗ, ಕೂರುವಾಗ, ಅಡುಗೆ ಮಾಡುವಾಗ ಹೊಕ್ಕುಳನ್ನು ಬೆನ್ನಿಗೆ ಅಂಟಿಸಿಕೊಂಡಿರಿ ಅನ್ನುವ ಸಲಹೆ ಇವತ್ತಿಗೂ ಓಡಾಡುತ್ತಿದೆ. ನನಗೆ ಇದು ಒಪ್ಪಿಗೆಯಿಲ್ಲ. ತಡವಾಗಿ ಏಳುವವನನ್ನು ಸರಿಪಡಿಸಲು ಇಡೀ ದಿನ ಮಲಗಲೇ ಬಿಡದಿದ್ದರೆ ಹೇಗೆ? ಬೆನ್ನನ್ನು ಕಾಯುವುದು ಮುಂದಿನ, ಹಿಂದಿನ, ಪಕ್ಕದ ಹತ್ತಾರು ಸ್ನಾಯುಗಳ ಬಳಗ, ಒಂದರ ಬೆನ್ನು ಹತ್ತುವುದರಲ್ಲಿ ಅರ್ಥವಿಲ್ಲ.

ಮಾಡಬೇಕಾದದ್ದು: ಅಂಗೈ, ಮಂಡಿ ಊರಿ ನಾಲ್ಕು ಕಾಲಿನ ಮೇಜಿನಂತೆ ನಿಲ್ಲಿ. ಕೆಳಬೆನ್ನಿನ ಮೇಲೆ ಒಂದು ಪ್ಲಾಸ್ಟಿಕ್ ಲೋಟದಲ್ಲಿ ಅರ್ಧ ನೀರಿಡಿಸಿಕೊಳ್ಳಿ. ಬಲಗೈ, ಎಡಗಾಲು ನಿಧಾನಕ್ಕೆ ಚಾಚಿ, 8 ಸೆಕೆಂಡ್ ಹಿಡಿದು ಇಳಿಸಿ. ಆಮೇಲೆ ಇನ್ನೊಂದು ಜೋಡಿ. ಆರಾರು ಸಲ. ಉಸಿರು ಕಟ್ಟಬೇಡಿ, ಮಾತಾಡುತ್ತಾ ಮಾಡಿ. ಲೋಟ ಬೀಳುವುದು ಹೆಚ್ಚಾಗಿ ಕಾಲು ಎತ್ತಿ ಹಿಡಿದಾಗ ಅಲ್ಲ, ನೆಲದಿಂದ ಬಿಡುವ ಮೊದಲ ಕ್ಷಣದಲ್ಲಿ. ಆ ಕ್ಷಣಕ್ಕಾಗಿಯೇ ಈ ವ್ಯಾಯಾಮ ಇರುವುದು.

ಹೆಜ್ಜೆ 5: ಮಂಡಿ ನೋಯುತ್ತಿದ್ದರೆ ಸೊಂಟ ನೋಡಿ

ಸೊಂಟದ ಪಕ್ಕದಲ್ಲಿ ಕೈಯಿಟ್ಟರೆ ಮೇಲೊಂದು ಮೂಳೆಯ ಅಂಚು, ಒಂದು ಗೇಣು ಕೆಳಗೆ ತೊಡೆಮೂಳೆಯ ಉಬ್ಬು ಸಿಗುತ್ತದೆ. ಎರಡರ ನಡುವೆ ಬೆರಳೊತ್ತಿ, ಇನ್ನೊಂದು ಕಾಲನ್ನು ಎತ್ತಿ. ತಟ್ಟನೆ ಗಟ್ಟಿಯಾಗುತ್ತದೆ. ಇದು ಗ್ಲೂಟಿಯಸ್ ಮೀಡಿಯಸ್. ನಡೆಯುವಾಗ ಪ್ರತಿ ಹೆಜ್ಜೆಗೂ ಒಂದು ಕ್ಷಣ ಒಂಟಿಕಾಲಲ್ಲೇ ಇರುತ್ತೇವೆ, ಆಗ ಎತ್ತಿದ ಕಾಲಿನ ಕಡೆಗೆ ಸೊಂಟ ಕುಸಿಯದಂತೆ ಈ ಕಡೆಯಿಂದ ಎಳೆದು ಹಿಡಿಯುವುದು ಇದರ ಕೆಲಸ. ಕುಸಿದರೆ ಅದಕ್ಕೆ ಟ್ರೆಂಡೆಲೆನ್‌ಬರ್ಗ್ ಲಕ್ಷಣ ಅಂತ ಹೆಸರು, ಜರ್ಮನಿಯ ಶಸ್ತ್ರವೈದ್ಯರೊಬ್ಬರು 1895ರಲ್ಲಿ ವಿವರಿಸಿದ್ದು.

ಇದು ಚಿಕ್ಕ ಕೆಲಸವಲ್ಲ. ತಕ್ಕಡಿ ನೆನಪಿಸಿಕೊಳ್ಳಿ. ಕೀಲು ನಡುವಿನ ಮುಳ್ಳು, ಮೈಯ ಭಾರ ಉದ್ದನೆಯ ಕಡೆ, ಸ್ನಾಯು ಗಿಡ್ಡ ಕಡೆ. ಗಿಡ್ಡ ಕಡೆಯವನು ಸರಿತೂಗಿಸಬೇಕಾದರೆ ಎಷ್ಟೋ ಜಾಸ್ತಿ ಎಳೆಯಬೇಕು. ಹಾಗಾಗಿ ಒಂಟಿಕಾಲಲ್ಲಿ ಸುಮ್ನೆ ನಿಂತರೂ ಸೊಂಟದ ಕೀಲಿನ ಮೇಲೆ ಬೀಳುವ ಒತ್ತಡ ಮೈತೂಕದ ಸುಮಾರು ಎರಡೂವರೆ ಪಟ್ಟು. ಎಡ ಸೊಂಟ ನೋವಿದ್ದರೆ ಊರುಗೋಲನ್ನು ಬಲಗೈಯಲ್ಲಿ ಹಿಡಿಯಬೇಕು ಅನ್ನುವುದೂ ಇದಕ್ಕೇ. ತಕ್ಕಡಿಯ ಉದ್ದನೆಯ ಕಡೆಗೆ ಕೆಳಗಿನಿಂದ ಒಂದು ಆಸರೆ ಕೊಟ್ಟಂತೆ. ನೋವಿರುವ ಕಡೆಯೇ ಕೋಲು ಹಿಡಿಯುವವರು ಎಷ್ಟು ಜನ!

ಈಗ ಕನ್ನಡಿ ಮುಂದೆ 10ರಿಂದ 15 ಸೆಂಟಿಮೀಟರ್ ಎತ್ತರದ ಗಟ್ಟಿ ಮಣೆಯ ಮೇಲೆ ನಿಲ್ಲಿ. ಒಂದು ಕಾಲಿನ ಹಿಮ್ಮಡಿಯನ್ನು ನೆಲಕ್ಕೆ ತಾಗಿಸುವಷ್ಟು ನಿಧಾನಕ್ಕೆ ಇಳಿಯಿರಿ, ಮೂರು ಎಣಿಸುತ್ತಾ. ಮೇಲೆ ನಿಂತಿರುವ ಕಾಲಿನ ಮಂಡಿ ಎತ್ತ ಹೋಗುತ್ತಿದೆ? ಪಾದದ ಎರಡನೇ ಬೆರಳಿನ ನೇರದಲ್ಲೇ ಇದ್ದರೆ ಸರಿ. ಒಳಕ್ಕೆ ಬೀಳುತ್ತಿದ್ದರೆ ಮಂಡಿಯನ್ನು ಬೈಯಬೇಡಿ. ಮೇಲಿಂದ ಸೊಂಟ ಕೈಬಿಟ್ಟಿದೆ, ಅಥವಾ ಕೆಳಗೆ ಪಾದ ಕುಸಿದಿದೆ, ಮಂಡಿ ಇಬ್ಬರ ನಡುವೆ ಸಿಕ್ಕ ಪಾಪದವನು.

ಮಂಡಿಯಲ್ಲೇ ಇನ್ನೊಂದು ಎಳೆದಾಟವಿದೆ. ಕಾಲು ನೆಟ್ಟಗಾಗುವ ಹತ್ತಿರ ಬಂದಾಗ ತೊಡೆಯ ಮುಂದಿನ ಕ್ವಾಡ್ರಿಸೆಪ್ಸ್ ಮೊಣಕಾಲ ಕೆಳಗಿನ ಮೂಳೆಯನ್ನು ಮುಂದಕ್ಕೆ ಎಳೆಯುತ್ತದೆ. ಮುಂದೆ ಜಾರದಂತೆ ಒಳಗೆ ಹಿಡಿದಿರುವ ಲಿಗಮೆಂಟೇ ಆಟಗಾರರ ಬಾಯಲ್ಲಿ ಸದಾ ಇರುವ ಎಸಿಎಲ್. ಅದರ ಜೊತೆಗೆ ಹಿಂದಿನಿಂದ ಎಳೆದು ಸಹಾಯ ಮಾಡುವುದು ತೊಡೆಯ ಹಿಂದಿನ ಹ್ಯಾಮ್‌ಸ್ಟ್ರಿಂಗ್. ಜಿಗಿದು ನೆಲಕ್ಕೆ ಇಳಿಯುವವರಲ್ಲಿ ಪಾದ ನೆಲ ಮುಟ್ಟುವ ಮೊದಲೇ ತೊಡೆಯ ಮುಂದಿನ, ಹಿಂದಿನ ಸ್ನಾಯುಗಳೆರಡೂ ಬಿಗಿಯಾಗಿ ಕಾಯುತ್ತಿರಬೇಕು. ಯಾರೂ ಡಿಕ್ಕಿ ಹೊಡೆಯದೆ, ಬರೀ ತಿರುಗುವಾಗಲೋ ಇಳಿಯುವಾಗಲೋ ಎಸಿಎಲ್ ಹರಿದುಕೊಳ್ಳುವವರೇ ಜಾಸ್ತಿ.

ಪಳಗಿಸುವುದು: ಮೇಲೆ ಹೇಳಿದ ಮಣೆ ಇಳಿಯುವುದನ್ನೇ ಎಂಟೆಂಟು ಸಲ, ಎರಡು ಸುತ್ತು. ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು, ಸುಲಭವಾದ ಮೇಲೆ ಒಂದೇ ಕಾಲಲ್ಲಿ. ಇವೆರಡೂ ಎರಡು ಮೂರು ವಾರ ನೋವಿಲ್ಲದೆ ಆದರೆ ಚಿಕ್ಕ ಜಿಗಿತ. ಜಿಗಿತಕ್ಕೆ ಒಂದೇ ನಿಯಮ, ಇಳಿದಾಗ ಸದ್ದಾಗಬಾರದು. ಧಡ್ ಅಂದರೆ ಕೀಲು ಪೆಟ್ಟು ತಿಂದಿದೆ, ಸದ್ದಿಲ್ಲ ಅಂದರೆ ಸ್ನಾಯು ತಿಂದಿದೆ. ಆಟ ಆಡುವವರಾದರೆ ಫುಟ್‌ಬಾಲಿಗರಿಗೆಂದು ಮಾಡಿರುವ ಫಿಫಾ 11+ ವಾರ್ಮ್‌ಅಪ್ ಕಲಿತುಕೊಳ್ಳಿ. ಸುಮಾರು 20 ನಿಮಿಷದ್ದು, ಓಟ, ಬಲ, ಸಮತೋಲ, ಜಿಗಿತ ಎಲ್ಲ ಅದರಲ್ಲಿದೆ.

ಹೆಜ್ಜೆ 6: ಕಣಕಾಲು

ಮೊಣಕಾಲ ಕೆಳಗೆ ಹೊರಬದಿಯಲ್ಲಿ ಬೆರಳಿಟ್ಟು ಪಾದದ ಹೊರ ಅಂಚನ್ನು ಮೇಲೆತ್ತಿ. ಗಟ್ಟಿಯಾದವು ಪೆರೋನಿಯಲ್ ಸ್ನಾಯುಗಳು. ಪಾದ ಒಳಕ್ಕೆ ಹೊರಳದಂತೆ ಹಿಡಿಯುವುದು ಇವೇ. ಆದರೆ ಪಾದ ಹೊರಳಲು ಶುರುವಾದ ಮೇಲೆ ಸುದ್ದಿ ಬೆನ್ನುಹುರಿಗೆ ಹೋಗಿ, ಅಪ್ಪಣೆ ಮರಳಿ ಬಂದು, ಸ್ನಾಯು ಬಿಗಿಯಾಗುವಷ್ಟರಲ್ಲಿ ಬಹಳ ಸಲ ಕಾಲು ಉಳುಕಿಯೇ ಆಗಿರುತ್ತದೆ. ಕಾಲು ಊರುವ ಮೊದಲೇ ತಯಾರಿ ಇರಬೇಕು. ಒಮ್ಮೆ ಉಳುಕಿದರೆ ಕೀಲಿನಿಂದ ಬರುವ ಸುದ್ದಿ ಮಂಕಾಗಿ ಈ ತಯಾರಿ ಸಡಿಲವಾಗುತ್ತದೆ, ಅದಕ್ಕೇ ಉಳುಕಿದ ಕಾಲೇ ಮತ್ತೆ ಉಳುಕುವುದು.

ಮೆಟ್ಟಿಲು ಮೆಟ್ಟಿಲಾಗಿ ಹೋಗಿ. ಒಂಟಿಕಾಲಲ್ಲಿ ಕಣ್ಣು ಬಿಟ್ಟು 30 ಸೆಕೆಂಡ್. ಅದು ಬಂದರೆ ತಲೆಯನ್ನು ಎಡಬಲ ತಿರುಗಿಸುತ್ತಾ. ಆಮೇಲೆ ಕಣ್ಣು ಮುಚ್ಚಿ. ಆಮೇಲೆ ದಿಂಬಿನ ಮೇಲೆ, ಕಣ್ಣು ಬಿಟ್ಟು. ಕೊನೆಗೆ ಯಾರಾದರೂ ಎಸೆದ ಚೆಂಡು ಹಿಡಿಯುತ್ತಾ. ಯಾವಾಗಲೂ ಗೋಡೆಯ ಮೂಲೆಯಲ್ಲಿ ನಿಲ್ಲಿ, ವಾಲಿದರೆ ಹಿಡಿಯಲು ಎರಡು ಕಡೆ ಗೋಡೆ ಇರುತ್ತದೆ. ಪಾದ ನಡುಗುತ್ತದೆ, ನಡುಗಲಿ. ಪ್ರತಿ ನಡುಕವೂ ಒಂದು ತಪ್ಪು, ಒಂದು ತಿದ್ದುಪಡಿ. ನಡುಗದಂತೆ ಬೆರಳುಗಳಿಂದ ನೆಲ ಕಚ್ಚಿ ಹಿಡಿದರೆ ಮಾತ್ರ ಏನೂ ಕಲಿಯುವುದಿಲ್ಲ.

ಬಿಗಿಯಾದರೆ ಭದ್ರ ಅಂದುಕೊಳ್ಳಬೇಡಿ

ಈ ತಪ್ಪನ್ನು ಎಲ್ಲರೂ ಮಾಡುತ್ತಾರೆ, ನಾನೂ ಮಾಡಿದೆ. ಮೊದಲ ದಿನ ಸೈಕಲ್ ಹತ್ತಿದ ಮಗುವನ್ನು ನೋಡಿ. ಹ್ಯಾಂಡಲ್ ಹಿಡಿದ ಗೆಣ್ಣು ಬೆಳ್ಳಗಾಗಿರುತ್ತದೆ, ಹೆಗಲು ಮೇಲೇರಿರುತ್ತದೆ, ಹಲ್ಲು ಕಚ್ಚಿರುತ್ತದೆ. ಎದುರುಬದುರಿನ ಸ್ನಾಯುಗಳನ್ನೆಲ್ಲ ಒಟ್ಟಿಗೇ ಬಿಗಿದುಬಿಟ್ಟಿದೆ, ಏಕೆಂದರೆ ಯಾವುದು ಯಾವಾಗ ಬೇಕು ಅಂತ ಇನ್ನೂ ಗೊತ್ತಿಲ್ಲ. ಗೊತ್ತಿಲ್ಲದಾಗ ಅದು ಒಳ್ಳೆಯ ಉಪಾಯವೇ, ಆದರೆ ಬೇಗ ಸುಸ್ತಾಗುತ್ತದೆ, ತಿರುಗುವುದೂ ಕಷ್ಟ. ತಿಂಗಳ ನಂತರ ಅದೇ ಮಗು ಒಂದು ಕೈ ಬಿಟ್ಟು ಹೋಗುತ್ತಿರುತ್ತದೆ. ಕಲಿತಂತೆಲ್ಲ ಬೇಡದ ಬಿಗಿ ಉದುರುತ್ತದೆ, ಬೇಕಾದದ್ದು ಬೇಕಾದ ಕ್ಷಣಕ್ಕೆ ಮಾತ್ರ ಉಳಿಯುತ್ತದೆ.

ಹಾಗಾಗಿ ವ್ಯಾಯಾಮ ಮಾಡುವಾಗ ನಡುನಡುವೆ ದವಡೆ, ಕತ್ತು, ಕೈಬೆರಳು ಸಡಿಲ ಇದೆಯಾ ಅಂತ ನೋಡಿಕೊಳ್ಳಿ. ಮಂಡಿಯ ವ್ಯಾಯಾಮಕ್ಕೆ ದವಡೆ ಬಿಗಿಯುವ ಅಗತ್ಯವಿಲ್ಲ ತಾನೇ?

ವಾರಕ್ಕೆ ಮೂರು ದಿನ, 15 ನಿಮಿಷ ಸಾಕು. ಆರೂ ಒಟ್ಟಿಗೆ ಬೇಡ, ನಿಮಗೆ ಕೈಕೊಡುತ್ತಿರುವ ಎರಡು ಕೀಲು ಆರಿಸಿಕೊಳ್ಳಿ. ಉಳಿದ ವ್ಯಾಯಾಮಕ್ಕೆ ಮೊದಲು ಮಾಡಿ, ದಣಿದ ಮೇಲಲ್ಲ. ದಣಿದ ಸ್ನಾಯು ತಡವಾಗಿ ಏಳುತ್ತದೆ, ನಾವು ಕಲಿಸಬೇಕೆಂದಿರುವುದು ಅದಕ್ಕೆ ತದ್ವಿರುದ್ಧ. ಕ್ರಮ ಹೀಗಿರಲಿ: ಮೊದಲು ಕದಲದೆ, ಆಮೇಲೆ ನಿಧಾನಕ್ಕೆ ಕದಲಿಸುತ್ತಾ, ಆಮೇಲೆ ಭಾರ ಸೇರಿಸಿ, ಆಮೇಲೆ ವೇಗವಾಗಿ, ಕೊನೆಗೆ ಗೊತ್ತಿಲ್ಲದೆ ಬರುವ ತಳ್ಳಾಟಕ್ಕೆ. ಸ್ನಾಯು ಸುಸ್ತಾಗಿ ಉರಿಯುವುದು, ಮಾರನೇ ದಿನ ಮೈಕೈ ನೋಯುವುದು ಪರವಾಗಿಲ್ಲ. ಕೀಲಿನ ಒಳಗೆ ಚುಚ್ಚಿದಂತಾದರೆ ಅಲ್ಲಿಗೇ ನಿಲ್ಲಿಸಿ, ಒಂದು ಮೆಟ್ಟಿಲು ಕೆಳಗಿಳಿಯಿರಿ. ಮಾರನೇ ದಿನ ಕೀಲು ಊದಿದ್ದರೆ ಹಿಂದಿನ ದಿನ ಜಾಸ್ತಿಯಾಗಿದೆ ಅಂತಲೇ ಲೆಕ್ಕ.

ಮೊದಲ ದಿನವೇ ಎರಡೂ ಕಾಲಿನ ಕಣ್ಣುಮುಚ್ಚಿದ ಲೆಕ್ಕವನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ, ಎರಡು ವಾರಕ್ಕೊಮ್ಮೆ ಮತ್ತೆ ಅಳೆಯಿರಿ. ನನ್ನ ಬಲಗಾಲು 4ರಿಂದ 9ಕ್ಕೆ ಬರಲು ಒಂದು ತಿಂಗಳು ಹಿಡಿಯಿತು, 9ರಿಂದ 17ಕ್ಕೆ ಮೂರು ತಿಂಗಳು. ಕಳೆದ ವಾರ ಕತ್ತಲಲ್ಲಿ ಅದೇ ಮೆಟ್ಟಿಲಿಳಿಯುವಾಗ ಮತ್ತೆ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟೆ. ಪಾದ ತುಸು ಹೊರಳಿತು, ತಾನೇ ಸರಿಹೋಯಿತು, ನಾನು ನಡೆದುಕೊಂಡು ಹೋಗಿ ದೀಪ ಹಾಕಿದೆ.